ಮೊದಲು ಪುಸ್ತಕ, ಆಮೇಲೆ ವೆಬ್‌ಸೈಟ್

ಚಿಕ್ಕ ಮಕ್ಕಳಿಗೆ ಪುಸ್ತಕ ಓದಿಸುವಾಗ ಜೊತೆಗೆ ಒಂದು ಒಳ್ಳೆಯ ವೆಬ್‌ಸೈಟ್ ಇಟ್ಟುಕೊಳ್ಳಿ. ಒಂದು ಪುಸ್ತಕಕ್ಕೆ ಒಂದೇ ಸಾಕು, ಜಾಸ್ತಿ ಬೇಡ.

ನನ್ನ ಮಗಳಿಗೆ ಆರು ವರ್ಷ. ಹೋದ ವಾರ ಹಕ್ಕಿಗಳ ಪುಸ್ತಕದಲ್ಲಿ ಕಂಚುಕುಟಿಗದ ಚಿತ್ರ ಬಂತು. ಹಸಿರು ಮೈ, ಹಣೆಯ ಮೇಲೆ ಕೆಂಪು. 'ಇದು ಹೇಗೆ ಕೂಗುತ್ತೆ?' ಅಂದಳು. ಪುಸ್ತಕ ಮುಗಿಸಿ, ಹಕ್ಕಿಗಳ ಮಾಹಿತಿ ಇರುವ ಇಬರ್ಡ್ ವೆಬ್‌ಸೈಟ್ ತೆರೆದು ಅದರ ಕೂಗು ಕೇಳಿಸಿದೆ. ಟುಕ್, ಟುಕ್, ಟುಕ್. ಪಾತ್ರೆ ಬಡಿದ ಹಾಗೇ! ಭಾನುವಾರ ಲಾಲ್‌ಬಾಗಿನಲ್ಲಿ ಅದೇ ಸದ್ದು ಕೇಳಿ ಅವಳೇ ನನ್ನ ಕೈ ಹಿಡಿದು ನಿಲ್ಲಿಸಿದಳು. ಹಕ್ಕಿ ಕಾಣಲಿಲ್ಲ, ಆದರೂ ಅವಳ ಮುಖ ನೋಡಬೇಕಿತ್ತು.

ಚಂದ್ರ, ನಕ್ಷತ್ರಗಳ ಪುಸ್ತಕವಾದರೆ ಸ್ಟೆಲೇರಿಯಂ ವೆಬ್. ಊರು ಬೆಂಗಳೂರು ಅಂತ ಇಟ್ಟರೆ ಇವತ್ತಿನ ನಮ್ಮ ಆಕಾಶವನ್ನೇ ತೋರಿಸುತ್ತದೆ. ನೋಡಿಕೊಂಡು ಟೆರೇಸ್ ಹತ್ತಿ.

ಕನ್ನಡ ಕಥೆ ಸಾಲದು ಅನ್ನುವವರಿಗೆ ಸ್ಟೋರಿವೀವರ್ ವೆಬ್‌ಸೈಟ್ ಇದೆ. ಮಕ್ಕಳ ಪುಸ್ತಕ ತರುವ ನಮ್ಮ ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ್ದು. ಪೂರ್ತಿ ಉಚಿತ, ಓದುವ ಹಂತಗಳೂ ಬೇರೆ ಬೇರೆ ಇವೆ. ಎಷ್ಟೋ ಕಥೆಗಳು ಇಂಗ್ಲಿಷಿನಲ್ಲೂ ಸಿಗುವುದರಿಂದ ಎರಡನ್ನೂ ಪಕ್ಕದಲ್ಲಿಟ್ಟು ಓದಿಸಬಹುದು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಇರುವ ಮಕ್ಕಳಿಗೆ ಇದು ತುಂಬಾ ಅನುಕೂಲ, ಅಲ್ವಾ?

ಪುಸ್ತಕ ಮುಗಿಯುವ ಮೊದಲು ಮಾತ್ರ ಫೋನ್ ಕೊಡಬೇಡಿ. ಮಗು ಏನಾದರೂ ಕೇಳಲಿ, ಆಮೇಲೆ ನೀವೂ ಪಕ್ಕದಲ್ಲಿ ಕೂತು ತೆರೆಯಿರಿ. ಹತ್ತು ನಿಮಿಷ ಸಾಕು.