ಓಣಿಯ ಕಸಕ್ಕೆ ಒಂದೇ ರಾಶಿ: ಕಲಬುರಗಿಯ ಬಿಸಿಲಿಗೆ ಒಗ್ಗುವ ಗೊಬ್ಬರದ ವಿಧಾನ

ಒಂದು ಮನೆಯ ಕಸಕ್ಕೆ ಕುಂಡ ಸಾಕು. ಇಡೀ ಓಣಿಯ ಅಡುಗೆಮನೆ ಕಸ, ಕೈತೋಟದ ಸೊಪ್ಪು ಗೊಬ್ಬರವಾಗಬೇಕಾದರೆ ರಾಶಿಯೇ ಬೇಕು. ಉದ್ದ, ಅಗಲ, ಎತ್ತರ ತಲಾ ಒಂದು ಮೀಟರ್ ಇಲ್ಲದಿದ್ದರೆ ಒಳಗೆ ಕಾವು ನಿಲ್ಲುವುದಿಲ್ಲ. ಒಂದೂವರೆ ಮೀಟರಿಗಿಂತ ಎತ್ತರವಾದರೆ ತನ್ನ ಭಾರಕ್ಕೇ ಕುಸಿದು ಗಾಳಿ ಆಡದು.

ನಮ್ಮ ರಾಶಿ ಬೇವಿನ ಮರದ ಕೆಳಗಿದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿದು. ನೆರಳಿಲ್ಲದಿದ್ದರೆ ಕಸ ಒಣಗುತ್ತದೆಯೇ ಹೊರತು ಕೊಳೆಯುವುದಿಲ್ಲ. ಗುಂಡಿಯೇ ಬೇಕೆನ್ನುವ ಹಿರಿಯರಿದ್ದಾರೆ. ಹೊಲದ ತಿಪ್ಪೆಗೆ ಅದು ಸರಿ, ಆದರೆ ಮನೆಗಳ ನಡುವೆ ನಾನು ಒಪ್ಪುವುದಿಲ್ಲ. ಮಳೆಗಾಲದಲ್ಲಿ ಎರೆಮಣ್ಣಿನ ಗುಂಡಿಯಲ್ಲಿ ನೀರು ನಿಂತು ನಾರುತ್ತದೆ. ಶಹಾಬಾದ ಫರ್ಸಿಯನ್ನು (ನೆಲಹಾಸಿನ ಚಪ್ಪಟೆ ಕಲ್ಲು) ತುಸು ಇಳಿಜಾರಾಗಿ ಹಾಸಿ, ಅದರ ಮೇಲೆ ರಾಶಿ ಒಟ್ಟಿ.

ತಳಕ್ಕೆ ಒಂದು ಗೇಣು ದಪ್ಪ ತೊಗರಿ ಕಟ್ಟಿಗೆ ಅಡ್ಡಡ್ಡ ಜೋಡಿಸಿ. ಕೆಳಗಿನಿಂದ ಗಾಳಿ ಹರಿಯುತ್ತದೆ. ಜನವರಿಯಲ್ಲಿ ತೊಗರಿ ಒಕ್ಕಣೆ ಮುಗಿದ ಹೊಲಗಳಲ್ಲಿ ಕೇಳಿದರೆ ಕೊಡುತ್ತಾರೆ. ಮೇಲೆ ಒಂದು ಬುಟ್ಟಿ ಹಸಿ ಕಸಕ್ಕೆ ಎರಡು ಬುಟ್ಟಿ ಒಣ ಎಲೆ, ಪದರ ಪದರವಾಗಿ. ಬೇಸಿಗೆಯ ಆರಂಭದಲ್ಲಿ ಉದುರುವ ಬೇವಿನೆಲೆಗೆ ಜನ ಬೆಂಕಿ ಹಚ್ಚುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ವರ್ಷವಿಡೀ ಬೇಕಾಗುವ ಸರಕು ಅದು, ಗೋಣಿಚೀಲಗಳಲ್ಲಿ ತುಂಬಿಡಿ. ಉಳಿದ ಕಡಕ್ ರೊಟ್ಟಿಯನ್ನು ಮುರಿದು ಹಾಕಬಹುದು. ಮಾಂಸ, ಎಣ್ಣೆ ಬೇಡ. ನಾಯಿ, ಇಲಿ ಬರುತ್ತವೆ. ಪ್ಲಾಸ್ಟಿಕ್ ಕಂಡರೆ ಆ ಬುಟ್ಟಿಯನ್ನು ಅದೇ ಮನೆಯ ಹೊಸ್ತಿಲಿಗೆ ಮರಳಿಸುತ್ತೇನೆ. ಈ ವಿಷಯದಲ್ಲಿ ದಾಕ್ಷಿಣ್ಯ ನಡೆಯದು.

ಮುಷ್ಟಿಯಲ್ಲಿ ಹಿಂಡಿದಾಗ ಒಂದೆರಡು ಹನಿ ಒಸರುವಷ್ಟು ತೇವ ಇರಲಿ. ಬೇಸಿಗೆಯಲ್ಲಿ ಅಕ್ಕಿ, ಬೇಳೆ ತೊಳೆದ ನೀರನ್ನೇ ಚಿಮುಕಿಸಿ, ಒದ್ದೆ ಗೋಣಿತಟ್ಟು ಹೊದಿಸಿ.

ಕೆಲವೇ ದಿನಗಳಲ್ಲಿ ನಡುವಿನ ಕಾವು 55ರಿಂದ 65 ಡಿಗ್ರಿಗೆ ಏರಬೇಕು. ಕಬ್ಬಿಣದ ಸರಳನ್ನು ಚುಚ್ಚಿಟ್ಟು ಸ್ವಲ್ಪ ಹೊತ್ತಿನ ಮೇಲೆ ಎಳೆದು ನೋಡಿ: ಹಿಡಿಯಲಾರದಷ್ಟು ಬಿಸಿಯಿದ್ದರೆ ಕೆಲಸ ನಡೆದಿದೆ. 55 ಡಿಗ್ರಿಗಿಂತ ಮೇಲೆ ಮೂರು ದಿನ ನಿಂತರೆ ಬಹುಪಾಲು ಕಳೆಬೀಜ, ರೋಗಾಣು ಸಾಯುತ್ತವೆ. 70ರ ಹತ್ತಿರ ಹೋದರೆ ಕೊಳೆಸುವ ಜೀವಾಣುಗಳೇ ಸಾಯತೊಡಗುತ್ತವೆ, ಕೂಡಲೇ ಮಗುಚಿ. ಕಾವು ಇಳಿದಾಗಲೂ ಮಗುಚಬೇಕು, ಹೊರಗಿನದು ಒಳಕ್ಕೆ ಹೋಗುವಂತೆ. ಮೂಗಿಗೆ ಚುರುಕು ವಾಸನೆ ಹೊಡೆದರೆ ಒಣ ಎಲೆ ಸೇರಿಸಿ. ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿ ಸಾಲದು ಎಂದರ್ಥ, ಪೂರ್ತಿ ಬಿಚ್ಚಿ ಮತ್ತೆ ಒಟ್ಟಿ.

ಮೂರು ನಾಲ್ಕು ತಿಂಗಳಿಗೆ ಕಪ್ಪಗೆ, ಮಣ್ಣಿನ ವಾಸನೆಯ ಪುಡಿಯಾಗುತ್ತದೆ. ಇನ್ನೊಂದು ತಿಂಗಳು ನೆರಳಲ್ಲಿ ಮಾಗಲು ಬಿಟ್ಟು ಜರಡಿ ಹಿಡಿಯಿರಿ. ಉಳಿದ ಕಟ್ಟಿಗೆ ಚೂರುಗಳನ್ನು ಹೊಸ ರಾಶಿಗೆ ಹಾಕಿ. ಅವುಗಳಲ್ಲಿರುವ ಜೀವಾಣುಗಳಿಂದ ಅದು ಬೇಗ ಕಾವೇರುತ್ತದೆ.