ಎಲೆಯ ಬಾಯಿಯನ್ನು ಕಣ್ಣಾರೆ ನೋಡುವುದು ಹೇಗೆ?

ಗಿಡದ ಪಾಡು ಅತ್ತ ದರಿ, ಇತ್ತ ಪುಲಿ. ಆಹಾರ ತಯಾರಿಸಲು ಅದಕ್ಕೆ ಇಂಗಾಲದ ಡೈಆಕ್ಸೈಡ್ ಬೇಕು. ಗಾಳಿಯಲ್ಲಿ ಅದು ಇರುವುದೇ ಶೇ 0.04ರಷ್ಟು. ಅಷ್ಟನ್ನು ಎಳೆದುಕೊಳ್ಳಲು ಎಲೆ ಬಾಯಿ ತೆರೆದರೆ ಒಳಗಿನ ನೀರು ಆವಿಯಾಗಿ ಹೊರಟುಬಿಡುತ್ತದೆ. ಬಾಯಿ ಮುಚ್ಚಿದರೆ ನೀರೇನೋ ಉಳಿಯುತ್ತದೆ, ಆದರೆ ಊಟವಿಲ್ಲ. ಬೇರು ಹೀರಿದ ನೀರಿನಲ್ಲಿ ಶೇ 95ಕ್ಕಿಂತ ಜಾಸ್ತಿ ಹೀಗೆ ಹಾರಿಹೋಗುತ್ತದೆ. ಈ ಪುಟ್ಟ ಬಾಯಿಗಳೇ ಪತ್ರರಂಧ್ರಗಳು. ಇವುಗಳ ಚಿತ್ರ ಬರೆದು ಅಂಕ ತೆಗೆದವರು ಬೇಕಾದಷ್ಟು ಜನ, ಕಣ್ಣಾರೆ ನೋಡಿದವರು ಕಡಿಮೆ ಅಲ್ವಾ?

ಮೊದಲು, ಹೊರಟ ನೀರನ್ನು ಹಿಡಿಯಿರಿ

ಬಿಸಿಲಿನಲ್ಲಿರುವ ಗಿಡದ ಒಂದು ರೆಂಬೆಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ತೊಡಿಸಿ, ಬುಡದಲ್ಲಿ ದಾರ ಕಟ್ಟಿ. ಸ್ವಲ್ಪ ಹೊತ್ತಿಗೆ ಒಳಗೆ ಮಬ್ಬು ಕಟ್ಟುತ್ತದೆ, ಆಮೇಲೆ ಹನಿ ಇಳಿಯುತ್ತದೆ. ನೋಡಿದ ಕೂಡಲೇ ಚೀಲ ತೆಗೆಯಿರಿ, ಇಲ್ಲದಿದ್ದರೆ ಎಲೆ ಬೆಂದುಹೋಗುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಸ್ಟೀಫನ್ ಹೇಲ್ಸ್ ಕುಂಡದ ಮೇಲೆ ಸೀಸದ ತಗಡು ಮುಚ್ಚಿ, ಸೂರ್ಯಕಾಂತಿ ಗಿಡವನ್ನು ಮತ್ತೆ ಮತ್ತೆ ತೂಗಿ, ಇದೇ ನೀರಿನ ಲೆಕ್ಕವನ್ನು 1727ರಲ್ಲಿ ಪ್ರಕಟಿಸಿದರು.

ಈಗ ಅಚ್ಚು ತೆಗೆಯಿರಿ

ಬಣ್ಣವಿಲ್ಲದ ನೇಲ್ ಪಾಲಿಶ್, ಸೆಲ್ಲೋ ಟೇಪ್, ಗಾಜಿನ ಸ್ಲೈಡ್, ಮೈಕ್ರೋಸ್ಕೋಪ್ ಇದ್ದರೆ ಸಾಕು. ಹಿಂದಿನ ದಿನ ಚೆನ್ನಾಗಿ ನೀರುಂಡ ಗಿಡ ಆರಿಸಿ. ಎಲೆ ನುಣುಪಾಗಿರಲಿ, ರೋಮವಿದ್ದರೆ ಅಚ್ಚು ಕೆಡುತ್ತದೆ. ಬೆಳಗಿನ ಬಿಸಿಲು ಬಿದ್ದ ಮೇಲೆ, ಎಲೆಯನ್ನು ಕೀಳದೆ, ಅದರ ಅಡಿಭಾಗಕ್ಕೆ ಉಗುರಿನಗಲ ಪಾಲಿಶ್ ಬಳಿಯಿರಿ. ದಪ್ಪ ನರ ತಪ್ಪಿಸಿ. ತೆಳ್ಳಗೆ ಬಳಿಯುವುದು ಮುಖ್ಯ. ನಾನು ಮೊದಲ ಸಲ ದಪ್ಪಗೆ ಬಳಿದಿದ್ದೆ, ಒಳಗೆ ಹಸಿಯೇ ಉಳಿದು ಅಚ್ಚು ಚೂರು ಚೂರಾಗಿ ಬಂತು. ಒಂದು ಹದಿನೈದು ನಿಮಿಷ ಒಣಗಲು ಬಿಡಿ. ಟೇಪ್ ಒತ್ತಿ, ಒಂದು ಅಂಚಿನಿಂದ ನಿಧಾನಕ್ಕೆ ಎಬ್ಬಿಸಿ, ಸ್ಲೈಡಿಗೆ ಅಂಟಿಸಿ. ಬಳಿದ ಜಾಗದ ಬಾಯಿಗಳು ಕಟ್ಟಿಹೋಗುವುದರಿಂದ ಗಿಡಕ್ಕೆ ಒಂದೆರಡು ಎಲೆ ಸಾಕು, ಜಾಸ್ತಿ ಬೇಡ.

ಮೊದಲು 100 ಪಟ್ಟು, ಆಮೇಲೆ 400 ಪಟ್ಟು ದೊಡ್ಡದು ಮಾಡಿ ನೋಡಿ. ಒಂದಕ್ಕೊಂದು ಬೆಸೆದ ಕೋಶಗಳ ನಡುವೆ ಅಲ್ಲಲ್ಲಿ ಜೋಡಿ ತುಟಿಗಳು ಕಾಣುತ್ತವೆ. ಇವೇ ಕಾವಲು ಕೋಶಗಳು. ತುಟಿಗಳ ನಡುವಿನ ಸೀಳೇ ಬಾಯಿ. ಮೊದಲ ಸಲ ಅದು ಸ್ಪಷ್ಟವಾಗಿ ಕಂಡಾಗ ಕಣ್ಣು ಕೀಳಲು ಮನಸ್ಸಾಗುವುದಿಲ್ಲ.

ತೆರೆಯುವುದು ಹೇಗೆ?

ಬೆಳಕು ಬಿದ್ದಾಗ ಕಾವಲು ಕೋಶದೊಳಕ್ಕೆ ಪೊಟ್ಯಾಸಿಯಂ ನುಗ್ಗುತ್ತದೆ, ಅದರ ಹಿಂದೆಯೇ ನೀರು. ಕೋಶ ಉಬ್ಬುತ್ತದೆ. ಆದರೆ ಅದರ ಸುತ್ತ ಪೀಪಾಯಿಯ ಪಟ್ಟಿಗಳಂತೆ ಸೆಲ್ಯುಲೋಸ್ ಎಳೆಗಳು ಬಿಗಿದಿರುತ್ತವೆ. ಅಗಲವಾಗಲು ಜಾಗವಿಲ್ಲದೆ ಅದು ಉದ್ದವಾಗುತ್ತದೆ. ಎರಡು ತುದಿಗಳೂ ಅಂಟಿಕೊಂಡಿರುವುದರಿಂದ ಹೊರಕ್ಕೆ ಬಾಗುತ್ತದೆ, ನಡುವೆ ಸೀಳು ತೆರೆಯುತ್ತದೆ. ನೀರು ಸಾಲದಾದಾಗ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಹೆಚ್ಚುತ್ತದೆ. ಪೊಟ್ಯಾಸಿಯಂ ಹೊರಬೀಳುತ್ತದೆ, ನೀರೂ ಹೋಗುತ್ತದೆ, ಕೋಶ ಸೊರಗಿ ಬಾಯಿ ಮುಚ್ಚುತ್ತದೆ.

ಇದನ್ನು ಸುಮ್ನೆ ನಂಬಬೇಡಿ. ಅದೇ ಗಿಡಕ್ಕೆ ನೀರು ನಿಲ್ಲಿಸಿ, ಎಲೆ ಜೋಲುವ ಹೊತ್ತಿಗೆ ಇನ್ನೊಂದು ಅಚ್ಚು ತೆಗೆಯಿರಿ. ತೆಗೆದ ತಕ್ಷಣ ಗಿಡಕ್ಕೆ ನೀರು ಕೊಡಿ. ಎರಡೂ ಸ್ಲೈಡ್ ಪಕ್ಕಪಕ್ಕ ಇಟ್ಟರೆ, ಮೊದಲನೆಯದರಲ್ಲಿ ತೆರೆದಿದ್ದ ಸೀಳು ಎರಡನೆಯದರಲ್ಲಿ ಬರೀ ಗೆರೆ.

ಎಲೆಯ ಮೇಲ್ಭಾಗದ ಅಚ್ಚನ್ನೂ ತೆಗೆಯಿರಿ. ಬಹಳಷ್ಟು ಗಿಡಗಳಲ್ಲಿ ಅಲ್ಲಿ ಬಾಯಿಗಳು ಕಡಿಮೆ, ಕೆಲವದರಲ್ಲಿ ಇರುವುದೇ ಇಲ್ಲ. ನೀರಿನ ಮೇಲೆ ತೇಲುವ ನೈದಿಲೆ ಎಲೆಯಲ್ಲಾದರೆ ಇದು ತಿರುಗುಮುರುಗು. ಹುಲ್ಲಿನಲ್ಲಿ ಬಾಯಿಗಳು ಸಾಲಾಗಿ ನಿಂತಿರುತ್ತವೆ. ಅನಾನಸ್, ಭೂತಾಳೆಯಂಥ ಗಿಡಗಳು ಮುಖ್ಯವಾಗಿ ರಾತ್ರಿ ಬಾಯಿ ತೆರೆದು, ಹಿಡಿದ ಅನಿಲವನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ಬಳಸುತ್ತವೆ. ಅವುಗಳ ತೆರೆದ ಬಾಯಿ ನೋಡಬೇಕಾದರೆ ಕತ್ತಲಾದ ಮೇಲೆ ಪಾಲಿಶ್ ಹಿಡಿದು ಹೋಗಿ.