ಬೇಸ್‌ಮೆಂಟ್ ಬಾತ್‌ರೂಮಿನ ವಾಸನೆ ನಿಂತಿದ್ದು ಹೀಗೆ

ಅಪ್ಪ ಅಮ್ಮ ಊರಿಂದ ಬಂದಾಗ ಅನುಕೂಲ ಆಗಲಿ ಅಂತ ಮಿಷಿಗನ್‌ನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಬಾತ್‌ರೂಮ್ ಮಾಡಿಸಿದೆವು. ಎರಡೇ ವಾರಕ್ಕೆ ಚರಂಡಿ ವಾಸನೆ ಶುರುವಾಯಿತು. ಕಮೋಡ್ ಫ್ಲಶ್ ಮಾಡಿದರೆ ಶವರ್ ಡ್ರೈನ್ ಗುಳುಗುಳು ಅನ್ನುತ್ತಿತ್ತು.

ಪೈಪಿನ ವಾಟ ಸರಿಯಿಲ್ಲ ಅಂದುಕೊಂಡೆ. ಕಾಂಕ್ರೀಟ್ ಹಾಕುವ ಮುಂಚೆ ತೆಗೆದಿದ್ದ ಫೋಟೊ ನೋಡಿದೆ (ಈ ಫೋಟೊ ಎಲ್ಲರೂ ತೆಗೆದಿಡಲೇಬೇಕು). ಪ್ರತಿ ಅಡಿಗೆ ಕಾಲು ಇಂಚು ಇಳಿಜಾರು ಸರಿಯಾಗೇ ಇತ್ತು. ಆದರೆ ಶವರ್ ಪೈಪಿಗೆ ವೆಂಟೇ, ಅಂದರೆ ಒಳಗೆ ಗಾಳಿ ಬರಲು ಇಡುವ ಕೊಳವೆಯೇ, ಇರಲಿಲ್ಲ! ನೇರವಾಗಿ ಕಮೋಡಿನ 3 ಇಂಚಿನ ಪೈಪಿಗೆ ಸೇರಿಸಿದ್ದರು.

ಡ್ರೈನ್‌ನೊಳಗೆ ಟಾರ್ಚ್ ಬಿಟ್ಟು, ಹೆಂಡತಿಗೆ ಫ್ಲಶ್ ಮಾಡಲು ಹೇಳಿದೆ. ಟ್ರ್ಯಾಪಿನಲ್ಲಿ (ಡ್ರೈನಿನ ಕೆಳಗಿನ ಬಾಗಿದ ಪೈಪು) ನಿಂತಿದ್ದ ನೀರು ಕಣ್ಣೆದುರೇ ಸರ್ರನೆ ಕೆಳಗಿಳಿಯಿತು. ಕಮೋಡಿನ ನೀರು ಜೋರಾಗಿ ಹರಿಯುವಾಗ ಪೈಪಿಗೆ ಗಾಳಿ ಬೇಕು. ವೆಂಟ್ ಇಲ್ಲದಿದ್ದರೆ ಟ್ರ್ಯಾಪಿನ ನೀರನ್ನೇ ಎಳೆದುಕೊಳ್ಳುತ್ತದೆ. ಆ ನೀರಲ್ವಾ ಚರಂಡಿ ಗ್ಯಾಸನ್ನು ತಡೆಯುವುದು?

ಪರ್ಮಿಟ್ ತೆಗೆದುಕೊಂಡು, ಲೈಸೆನ್ಸ್ ಇರುವ ಬೇರೆ ಪ್ಲಂಬರ್ ಕೈಲಿ ನೆಲ ಒಡೆಸಿದೆ. ಶವರ್ ಟ್ರ್ಯಾಪಿನ ಹತ್ತಿರದಿಂದ 2 ಇಂಚಿನ ವೆಂಟ್ ಎಬ್ಬಿಸಿ, ಗೋಡೆಯೊಳಗೆ ಮೇಲಕ್ಕೆ ಒಯ್ದು, ಮೇಲಿನ ಮಹಡಿಯ ಸಿಂಕ್ ಅಂಚಿಗಿಂತ 6 ಇಂಚು ಎತ್ತರದಲ್ಲಿ ಹಳೆ ವೆಂಟಿಗೆ ಸೇರಿಸಿದರು. ಇನ್‌ಸ್ಪೆಕ್ಟರ್ ನೋಡಿ ಒಪ್ಪಿದ ಮೇಲೇ ಕಾಂಕ್ರೀಟ್ ಮುಚ್ಚಿದ್ದು.

ಆಮೇಲೆ ಹತ್ತು ಸಲ ಫ್ಲಶ್ ಮಾಡಿ ನೋಡಿದೆ. ಟ್ರ್ಯಾಪಿನ ನೀರು ಅಲ್ಲಾಡಲಿಲ್ಲ.